ಬೆನ್ನ ಮೇಲಣ ಹೊರೆ

ಹೊರೆಯಿಲ್ಲದೆ ದಾರಿ ನಡೆಯುವವರು ವಿರಳ. ಮಗುವು ಶಾಲೆಗೆ ಹೊರಡಲಿ, ಯಾತ್ರಿಕನು ಕ್ಷೇತ್ರಕ್ಕೆ ಹೊರಡಲಿ, ಗೃಹಿಣಿಯು ಗುಡ್ಡಕ್ಕೆ ಹೋಗಿ ಸೊಪ್ಪು ತರಲಿ, ತಲೆಗೋ ಹೆಗಲಿಗೋ ಬೆನ್ನಿಗೋ ಒಂದು ಭಾರವು ತಗಲಿಕೊಂಡೇ ಇರುವುದು. ಪುತ್ತೂರು, ಸುಳ್ಯ, ಕಡಬ ಈ ಮೂರು ತಾಲೂಕುಗಳ ನೆಲವಂತೂ ಸಮತಟ್ಟೆಂಬುದನ್ನು ಅರಿಯದು. ಮನೆಯಿಂದ ತೋಟಕ್ಕೆ ಇಳಿಯಬೇಕು. ತೋಟದಿಂದ ರಸ್ತೆಗೆ ಏರಬೇಕು. ಆದುದರಿಂದ ಭಾರವನ್ನು ಹೊರುವ ವಿದ್ಯೆಯನ್ನು ಈ ಸೀಮೆಯ ಜನರಿಗೆ ಯಾರೂ ಹೊಸದಾಗಿ ಕಲಿಸಬೇಕಾದುದಿಲ್ಲ. ತಲೆಹೊರೆಗೆ ಸಿಂಬೆ, ಹೆಗಲಿನ ಹಿಂದಕ್ಕೂ ಮುಂದಕ್ಕೂ ಸರಿತೂಗುವ ಹಸಿಬೆಚೀಲ, ಮಳೆಗಾಲದ ನಾಟಿಯಲ್ಲಿ ಎರಡು ಕೈಗಳನ್ನೂ ಬಿಡುವಾಗಿಟ್ಟು ಬೆನ್ನನ್ನು ಕಾಯುವ ಗೊರಬು, ಅಡಕೆಯ ಹಾಳೆಯಿಂದ ಮಾಡಿದ ಮುಟ್ಟಾಳೆ, ಇವೆಲ್ಲವೂ ಹಗುರವಾದ ವಸ್ತುವಿನಿಂದ ಹೆಚ್ಚಿನ ಕೆಲಸವನ್ನು ಪಡೆದ ಜಾಣ್ಮೆಯ ಫಲಗಳೇ ಆಗಿವೆ.

ಈಗ ಪೇಟೆಗಳಲ್ಲಿ ಹೊಸ ಬಗೆಯದೊಂದು ಬೆನ್ನುಚೀಲವು ಬಂದಿರುವುದು. ಅದನ್ನು ಮಾರುವವರು ಅಲ್ಟ್ರಾಲೈಟ್ ಎಂದು ಕರೆಯುತ್ತಾರೆ. ಅತಿಹಗುರವಾದುದು ಎಂದು ಅದರ ಅರ್ಥ. ಬೆಟ್ಟ ಹತ್ತುವವರಿಗೂ ದೂರ ಪ್ರಯಾಣ ಮಾಡುವವರಿಗೂ ಇದಕ್ಕಿಂತ ಮಿಗಿಲಾದುದಿಲ್ಲವೆಂಬ ಹೊಗಳಿಕೆಯು ಎಲ್ಲೆಡೆಯೂ ಕೇಳಿಬರುತ್ತಲಿದೆ. ಸುಳ್ಯದ ಕಡೆಯ ಸೋದರಿಯೊಬ್ಬರು ಈ ವಿಷಯವಾಗಿ ನಮಗೊಂದು ಪತ್ರವನ್ನು ಬರೆದಿದ್ದಾರೆ. ಕುಮಾರಪರ್ವತವನ್ನು ಬಾಲ್ಯದಿಂದಲೂ ದೂರದಿಂದ ನೋಡುತ್ತ ಬಂದವರು ಅವರು; ಏರಿದವರಲ್ಲ. ಮೊದಲು ಮನೆಗೆಲಸ, ಬಳಿಕ ಮಕ್ಕಳು, ಅನಂತರ ಸೊಂಟದ ನೋವು. ಐವತ್ತು ದಾಟಿದ ಈಗ ಮಗಳು ಜೊತೆಗೆ ಬಾ ಎನ್ನುತ್ತಾಳೆ. ಇಷ್ಟು ಹಣವನ್ನು ಕೊಟ್ಟು ಈ ಚೀಲವನ್ನು ಕೊಂಡರೆ ತನ್ನಂತಹವಳು ಬೆಟ್ಟ ಹತ್ತಬಹುದೆ, ಇಲ್ಲವೆ ಇದೂ ಅಂಗಡಿಯವರ ಮಾತೆ, ಎಂಬುದು ಅವರ ಪ್ರಶ್ನೆ. ಮನೆಬಳಕೆಯ ವಸ್ತುಗಳನ್ನು ಬಳಸಿ ನೋಡಿ, ಕಂಡುದನ್ನು ಕಂಡಂತೆ ಬರೆಯುವುದು ಈ ಪುಟಗಳ ಪದ್ಧತಿ. ಅದರಂತೆ ಒಂದು ಚೀಲವನ್ನು ತರಿಸಿ ಆರು ವಾರಗಳ ಕಾಲ ಪರೀಕ್ಷಿಸಿದೆವು. ಅದನ್ನು ಮಾಡಿದವರ ಹೆಸರನ್ನು ಎಂದಿನಂತೆ ಬರೆಯುವುದಿಲ್ಲ. ಇಂತಹ ಚೀಲಗಳಲ್ಲಿ ನೋಡತಕ್ಕ ಗುಣವೇನು, ದೋಷವೇನು ಎಂಬುದು ವಾಚಕರಿಗೆ ತಿಳಿದರೆ ಸಾಕು.

ಮೊದಲು ಈ ಹಗುರತನದ ಪೂರ್ವಕಥೆಯನ್ನು ಸ್ವಲ್ಪ ಹೇಳಬೇಕು. ಅಮೆರಿಕದಲ್ಲಿ ಎಮ್ಮಾ ಗೇಟ್‌ವುಡ್ ಎಂಬ ಹೆಂಗಸೊಬ್ಬರಿದ್ದರು. ಅವರು ೧೧ ಮಕ್ಕಳ ತಾಯಿ. ೧೯೫೫ರಲ್ಲಿ, ತಮ್ಮ ೬೭ನೆಯ ವಯಸ್ಸಿನಲ್ಲಿ, ಅಪಲೇಚಿಯನ್ ಬೆಟ್ಟಸಾಲಿನ ಮೇಲಣ ಸುಮಾರು ೩,೩೦೦ ಕಿಲೋಮೀಟರುಗಳ ಕಾಲುದಾರಿಯನ್ನು ಆಕೆಯು ಒಬ್ಬಳೇ ನಡೆದು ಮುಗಿಸಿದಳು. ಬೆನ್ನಿಗೆ ಚೌಕಟ್ಟಿನ ಚೀಲವಿರಲಿಲ್ಲ. ತಾನೇ ಹೊಲಿದುಕೊಂಡ ದಪ್ಪಬಟ್ಟೆಯ ಒಂದು ಗಂಟುಚೀಲವನ್ನು ಹೆಗಲಿಗೆ ಹಾಕಿಕೊಂಡಿದ್ದಳು. ಕಾಲಿಗೆ ಸಾಧಾರಣವಾದ ಕ್ಯಾನ್ವಾಸ್ ಬೂಟು. ಮಳೆಗೆ ಸ್ನಾನದ ಮನೆಯ ಪ್ಲಾಸ್ಟಿಕ್ ಪರದೆ. ಆ ದಾರಿಯನ್ನು ಒಂದೇ ಋತುವಿನಲ್ಲಿ ಒಂಟಿಯಾಗಿ ನಡೆದು ಮುಗಿಸಿದ ಮೊದಲ ಹೆಂಗಸು ಅವಳೇ. ಅವಳ ತರುವಾಯ ರೇ ಜಾರ್ಡೀನ್ ಎಂಬ ಎಂಜಿನಿಯರನು ೧೯೯೨ರಲ್ಲಿ ಒಂದು ಪುಸ್ತಕವನ್ನು ಬರೆದು, ದೂರ ನಡೆಯುವವನು ತನ್ನ ಹೊರೆಯನ್ನು ಅರ್ಧಕ್ಕಿಳಿಸಬಹುದೆಂದೂ, ಚೀಲವನ್ನು ಮನೆಯಲ್ಲಿಯೇ ಹೊಲಿದುಕೊಳ್ಳಬಹುದೆಂದೂ ತೋರಿಸಿಕೊಟ್ಟನು. ಅನ್ನ, ನೀರು, ಉರುವಲುಗಳನ್ನು ಬಿಟ್ಟು ಉಳಿದ ಸಾಮಾನು, ಚೀಲವೂ ಸೇರಿ, ಹತ್ತು ಪೌಂಡು ಅಂದರೆ ಸುಮಾರು ನಾಲ್ಕೂವರೆ ಕಿಲೋಗ್ರಾಮಿನೊಳಗೆ ಇದ್ದರೆ ಅದು ಅತಿಹಗುರವಾದ ಹೊರೆಯೆಂಬ ವಾಡಿಕೆಯು ಕ್ರಮೇಣ ನೆಲೆಗೊಂಡಿತು. ಇಲ್ಲಿ ಗಮನಿಸತಕ್ಕ ಸಂಗತಿಯೊಂದುಂಟು. ಹಗುರತನವು ಹುಟ್ಟಿದುದು ಅಂಗಡಿಯಲ್ಲಲ್ಲ. ಒಬ್ಬ ಮುದುಕಿಯ ಸೂಜಿದಾರದಲ್ಲಿ.

ಇನ್ನು ಬಟ್ಟೆಯ ಮಾತು. ನೂಲಿನ ಸಣ್ಣತನವನ್ನು ಡೆನಿಯರ್ ಎಂಬ ಅಳತೆಯಿಂದ ಹೇಳುವರು. ೯,೦೦೦ ಮೀಟರು ಉದ್ದದ ನೂಲು ಎಷ್ಟು ಗ್ರಾಂ ತೂಗುವುದೋ ಅಷ್ಟು ಡೆನಿಯರ್. ಶಾಲೆಯ ಮಕ್ಕಳ ಸಾಧಾರಣ ಚೀಲಗಳು ೬೦೦ ಡೆನಿಯರಿನ ಆಸುಪಾಸಿನ ಪಾಲಿಯೆಸ್ಟರಿನವು. ನಾವು ಪರೀಕ್ಷಿಸಿದ ಚೀಲವು ೧೦೦ ಡೆನಿಯರಿನ ನೈಲಾನಿನದು. ತಳಕ್ಕೆ ಮಾತ್ರ ೨೧೦ ಡೆನಿಯರಿನದು. ಇಷ್ಟು ತೆಳುವಾದ ಬಟ್ಟೆಯು ಹರಿಯದೆ ಇರುವುದು ಹೇಗೆಂದರೆ, ನೇಯುವಾಗ ಸಣ್ಣ ಸಣ್ಣ ಅಂತರದಲ್ಲಿ ದಪ್ಪನಾದ ಎಳೆಗಳನ್ನು ಉದ್ದಕ್ಕೂ ಅಡ್ಡಕ್ಕೂ ಸೇರಿಸಿರುವರು. ಒಂದೆಡೆ ಹರಿದರೂ ಆ ಹರಕು ದಪ್ಪ ಎಳೆಯವರೆಗೆ ಬಂದು ನಿಂತುಹೋಗುವುದು. ಗದ್ದೆಯ ಹುಣಿಯು ನೀರನ್ನು ತಡೆಯುವ ಹಾಗೆ ಎಂದರೆ ನಮ್ಮವರಿಗೆ ಬೇಗ ತಿಳಿದೀತು. ಇದಕ್ಕೂ ಮಿಗಿಲಾಗಿ, ಹಡಗಿನ ಹಗ್ಗಗಳಿಗೂ ಗುಂಡುನಿರೋಧಕ ಅಂಗಿಗಳಿಗೂ ಬಳಸುವ ಡೈನೀಮಾ ಎಂಬ ನಾರಿನಿಂದ ಮಾಡಿದ ಚೀಲಗಳೂ ಉಂಟು. ಸಮತೂಕದ ಉಕ್ಕಿಗಿಂತ ಅದು ಬಲವಾದುದು; ಆದರೆ ಅಂತಹ ಚೀಲಗಳ ಬೆಲೆಯು ಹೊರದೇಶಗಳಲ್ಲಿ ೩೦೦ ಡಾಲರನ್ನು ಮೀರುವುದರಿಂದ ನಮ್ಮ ವಾಚಕರಲ್ಲಿ ಬಹುಮಂದಿಗೆ ಅದರ ಚಿಂತೆ ಬೇಡ. ನಾವು ತರಿಸಿದುದಕ್ಕೆ ಐದು ಸಾವಿರ ರೂಪಾಯಿಗೆ ತುಸು ಕಡಿಮೆ ಬಿದ್ದಿತು. ಅದೂ ಸಣ್ಣ ಮೊತ್ತವಲ್ಲ.

ಮೊದಲನೆಯ ಪರೀಕ್ಷೆ ತೂಕದ್ದು. ಪರಿಚಿತ ವ್ಯಾಪಾರಿಯೊಬ್ಬರ ತಕ್ಕಡಿಯಲ್ಲಿಟ್ಟು ನೋಡಿದಾಗ ಹೊಸ ಚೀಲವು ೬೪೦ ಗ್ರಾಂ ತೂಗಿತು. ಮಾಡಿದವರು ಬರೆದಿದ್ದುದು ೫೮೦. ಸೊಂಟದ ಪಟ್ಟಿಯನ್ನು ಬಿಚ್ಚಿ ತೂಗಿದರೆ ಅವರ ಲೆಕ್ಕವು ಸರಿಹೋಗುವುದು. ಬಿಚ್ಚಿ ತೂಗಿದ್ದೇವೆಂದು ಅವರು ಎಲ್ಲಿಯೂ ಹೇಳಿಲ್ಲ. ಮನೆಯಲ್ಲಿದ್ದ ಹಳೆಯ ಚೀಲವು, ಬೆನ್ನಿಗೆ ಲೋಹದ ಸರಳುಗಳಿದ್ದುದು, ೨ ಕಿಲೋ ೨೮೦ ಗ್ರಾಂ ತೂಗಿತು. ಉಳಿತಾಯವು ೧ ಕಿಲೋ ೬೪೦ ಗ್ರಾಂ. ನಮ್ಮ ಅತ್ತಿಗೆಯವರು ಹೊಸ ಚೀಲವನ್ನು ಕೈಯಲ್ಲಿ ಹಿಡಿದು, “ಎಂತ ಇದು, ಚೀಲವೊ, ಒಣಗಲು ಹಾಕಿದ ಸೀರೆಯೊ?” ಎಂದು ಕೇಳಿದರು.

ಎರಡನೆಯದು ನೀರಿನ ಪರೀಕ್ಷೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಆಕಾಶವೇ ತೂತಾದಂತೆ ಸುರಿಯುವ ಈ ಸೀಮೆಯಲ್ಲಿ ನೀರಿಗೆ ಅಂಜುವ ಚೀಲವು ಅರ್ಧ ವರ್ಷ ಅಟ್ಟದ ಮೇಲಿರಬೇಕಾದೀತು. ಚೀಲದೊಳಗೆ ಹಳೆಯ ವೃತ್ತಪತ್ರಿಕೆಗಳನ್ನು ತುಂಬಿ, ಮಾಡಿನ ಅಂಚಿನ ನೀರು ಬೀಳುವಲ್ಲಿ ೨೦ ನಿಮಿಷ ಇಟ್ಟೆವು. ಬಟ್ಟೆಯ ಮೂಲಕ ನೀರು ಇಳಿಯಲಿಲ್ಲ. ಹೊಲಿಗೆಗಳ ಮೂಲಕ ಇಳಿಯಿತು. ಸೂಜಿ ಹೋದ ದಾರಿಯಲ್ಲಿ ನೀರೂ ಹೋಗುವುದು ಸಹಜವೇ. ಮೇಲಿನ ಬಾಯಿಯನ್ನು ಸುರುಳಿ ಸುತ್ತಿ ಕೊಂಡಿ ಹಾಕುವ ಏರ್ಪಾಡಿರುವುದರಿಂದ ಅಲ್ಲಿ ಒದ್ದೆಯಾಗಲಿಲ್ಲ. ತಳದ ಮೂಲೆಗಳಲ್ಲಿ ಕಾಗದವು ಮುದ್ದೆಯಾಯಿತು. ಪರಿಹಾರವು ಸುಲಭ: ಒಳಗೆ ದಪ್ಪನಾದ ಪ್ಲಾಸ್ಟಿಕ್ ಚೀಲವೊಂದನ್ನಿಟ್ಟು, ಅದರಲ್ಲಿ ಸಾಮಾನು ತುಂಬಿ, ಬಾಯನ್ನು ತಿರುಚಿ ಮಡಿಸಿದರೆ ಒಂದು ಹನಿಯೂ ತಗಲದು. ಹೀಗೆ ಮಾಡಿ ಮತ್ತೆ ಇಟ್ಟಾಗ ಕಾಗದಗಳು ಗರಿಗರಿಯಾಗಿಯೇ ಇದ್ದುವು. ನೆನೆದ ಬಳಿಕ ತೂಗಿದಾಗ ಹೊಸ ಚೀಲವು ೭೬೦ ಗ್ರಾಮಿಗೆ ಏರಿತ್ತು. ಹಳೆಯದು ೩ ಕಿಲೋ ೧೫೦ ಗ್ರಾಮಿಗೆ. ಹಳೆಯ ಚೀಲದ ಹತ್ತಿಯೂ ಸ್ಪಂಜೂ ನೀರನ್ನು ಕುಡಿದು ಕುಳಿತಿದ್ದುವು. ಒಣಗುವುದರಲ್ಲಿಯೂ ಹಾಗೆಯೇ. ಹೊಸದು ಅಡುಗೆಮನೆಯ ಒಲೆಯಿಂದ ದೂರದ ಗಳದ ಮೇಲೆ ಒಂದು ರಾತ್ರಿಯಲ್ಲಿ ಒಣಗಿತು. ಹಳೆಯದಕ್ಕೆ ಮೂರು ದಿನ ಬೇಕಾಯಿತು, ಬೂಸಲು ವಾಸನೆಯೂ ಬಂದಿತು.

ಮೂರನೆಯದು ಹೊರೆಯ ಪರೀಕ್ಷೆ. ಅಕ್ಕಿಯ ಪೊಟ್ಟಣಗಳನ್ನು ಕಟ್ಟಿ ೫, ೮, ೧೧ ಕಿಲೋಗಳಷ್ಟು ತುಂಬಿ, ಪುತ್ತೂರಿನ ಬೀರಮಲೆ ಗುಡ್ಡದ ಏರಿನಲ್ಲಿ ಒಂದೊಂದು ಗಂಟೆ ನಡೆದು ನೋಡಿದೆವು. ಐದು ಕಿಲೋ ಇರುವಾಗ ಬೆನ್ನ ಮೇಲೆ ಏನಿದೆಯೆಂಬುದೇ ಮರೆತುಹೋಗುವುದು. ಎಂಟು ಕಿಲೋಗೆ ಹೆಗಲಿನ ಪಟ್ಟಿಯು ಇದ್ದೇನೆಂದು ಹೇಳತೊಡಗುವುದು, ಆದರೂ ಸಹಿಸಬಹುದು. ಹನ್ನೊಂದಕ್ಕೆ ಅರ್ಧ ಗಂಟೆಯೊಳಗೆ ಹೆಗಲು ಕಡಿಯಲು ಆರಂಭವಾಗಿ ಕುತ್ತಿಗೆಯವರೆಗೆ ಏರಿತು. ಅದೇ ಹನ್ನೊಂದು ಕಿಲೋವನ್ನು ಭಾರವಾದ ಹಳೆಯ ಚೀಲಕ್ಕೆ ಹಾಕಿ ಹೊತ್ತರೆ, ಒಟ್ಟು ತೂಕವು ಹೆಚ್ಚಾಗಿದ್ದರೂ ನಡೆಯುವುದು ಸುಲಭವೆನಿಸಿತು. ಇದು ವಿಚಿತ್ರವಾಗಿ ತೋರಬಹುದು. ಕಾರಣವೇನೆಂದರೆ, ಹಳೆಯ ಚೀಲದ ಸರಳುಗಳು ಭಾರವನ್ನು ಹೆಗಲಿನಿಂದ ಎತ್ತಿ ಸೊಂಟದ ಎಲುಬಿನ ಮೇಲೆ ಕೂರಿಸುವುವು. ಹಗುರವಾದ ಚೀಲಕ್ಕೆ ಬೆನ್ನೆಲುಬೇ ಇಲ್ಲ. ಅದರ ಸೊಂಟಪಟ್ಟಿಯು ಚೀಲ ಅಲುಗಾಡದಂತೆ ಹಿಡಿಯುವುದಷ್ಟೇ ಹೊರತು ಭಾರವನ್ನು ಹೊರದು. ಸುತ್ತಿದ ಮಲಗುವ ಚಾಪೆಯನ್ನು ಬೆನ್ನಿನ ಕಡೆಗೆ ನಿಲ್ಲಿಸಿ ತುಂಬಿದರೆ ಸ್ವಲ್ಪಮಟ್ಟಿಗೆ ಚೌಕಟ್ಟಿನ ಕೆಲಸವಾಗುವುದು. ಆದರೂ ನಮ್ಮ ಅನುಭವದಲ್ಲಿ ಒಂಬತ್ತು ಕಿಲೋ ಇದರ ಎಲ್ಲೆ. ಹಗುರ ಚೀಲವು ಹಗುರ ಹೊರೆಗೆ ಮಾತ್ರ ಸಲ್ಲುವುದು. ಸಾಮಾನನ್ನು ಕಡಿಮೆ ಮಾಡದೆ ಚೀಲವನ್ನು ಮಾತ್ರ ಬದಲಾಯಿಸಿದವನು ಹಣವನ್ನೂ ಕೊಟ್ಟು ನೋವನ್ನೂ ಕೊಂಡಂತೆಯೇ ಸರಿ.

ಆದುದರಿಂದ ಸಾಮಾನನ್ನು ಕಡಿಮೆ ಮಾಡುವ ಕೆಲಸಕ್ಕೆ ಕೈಹಾಕಿದೆವು. ಒಂದು ರಾತ್ರಿ ಹೊರಗೆ ತಂಗುವವರು ಮಾಮೂಲಾಗಿ ಒಯ್ಯುವುದನ್ನೆಲ್ಲ ಚಾವಡಿಯಲ್ಲಿ ಹರಡಿ ಒಂದೊಂದಾಗಿ ತೂಗಿದೆವು. ಉಣ್ಣೆಯ ಕಂಬಳಿ ೨ ಕಿಲೋ ೧೦೦ ಗ್ರಾಂ. ಅದರ ಬದಲು ಮನೆಯಲ್ಲಿಯೇ ಇದ್ದ ತೆಳು ಹೊದಿಕೆಯನ್ನಿಟ್ಟರೆ ೯೦೦. ಮೂರು ಪಾತ್ರೆಗಳ ಬುತ್ತಿಯ ಕ್ಯಾರಿಯರು ೮೫೦. ಒಂದು ಬಟ್ಟಲೂ ಚಮಚವೂ ೨೦೦. ದಪ್ಪ ಟವೆಲು ೫೦೦, ಬೈರಾಸು ೧೫೦. ಇರಲಿ ಎಂದು ಇಟ್ಟುಕೊಂಡ ಎರಡನೆಯ ಜೊತೆ ಬಟ್ಟೆ ೧ ಕಿಲೋ ೧೦೦; ಅದನ್ನು ಬಿಟ್ಟೇಬಿಟ್ಟೆವು. ಈ ನಾಲ್ಕು ಬದಲಾವಣೆಗಳಿಂದ ೩ ಕಿಲೋ ೩೦೦ ಗ್ರಾಂ ಇಳಿಯಿತು. ಹೊಸ ಚೀಲದಿಂದಾದ ಉಳಿತಾಯದ ಎರಡರಷ್ಟು ಇದು. ಖರ್ಚು ಒಂದು ಕಾಸೂ ಇಲ್ಲ. ಕೊನೆಗೆ ಉಳಿದುವು ಹೊದಿಕೆ, ಚಾಪೆ, ಮಳೆಯಂಗಿ, ಸ್ವೆಟರು, ಒಂದು ಜೊತೆ ಬಟ್ಟೆ, ಟಾರ್ಚು, ಔಷಧಿ, ಬಟ್ಟಲು, ಹಗ್ಗ, ಚಾಕು, ಎಲ್ಲ ಕೂಡಿ ೨ ಕಿಲೋ ೯೦೦. ಚೀಲ ೬೪೦. ಅವಲಕ್ಕಿ, ಬೆಲ್ಲ, ಚಪಾತಿ, ನೆಲಗಡಲೆ, ಬಾಳೆಹಣ್ಣು ೧ ಕಿಲೋ ೩೦೦. ನೀರು ಮೂರು ಲೀಟರು. ಒಟ್ಟು ೭ ಕಿಲೋ ೮೪೦ ಗ್ರಾಂ.

ಇದನ್ನು ಹೊತ್ತು ಕುಮಾರಪರ್ವತಕ್ಕೆ ಹೊರಟೆವು. ಈ ಸೀಮೆಯಲ್ಲಿ ಚೀಲವನ್ನು ಪರೀಕ್ಷಿಸುವುದಕ್ಕೆ ಅದಕ್ಕಿಂತ ಯೋಗ್ಯವಾದ ಸ್ಥಳವಿಲ್ಲ. ಕಡಬ ತಾಲೂಕಿನ ಕುಕ್ಕೆ ಸುಬ್ರಹ್ಮಣ್ಯದಿಂದ ದಾರಿ ಏರುವುದು. ಶಿಖರವು ಕೊಡಗಿನ ಪುಷ್ಪಗಿರಿ ವನ್ಯಧಾಮದೊಳಗಿದೆ. ೨೦೧೨ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಪಶ್ಚಿಮ ಘಟ್ಟದ ೩೯ ತಾಣಗಳಲ್ಲಿ ಈ ವನ್ಯಧಾಮವೂ ಒಂದು. ಶಿಖರದ ಎತ್ತರವು ೧,೭೧೨ ಮೀಟರು. ಕ್ಷೇತ್ರವಿರುವುದು ಸಮುದ್ರಮಟ್ಟದಿಂದ ಸುಮಾರು ೧೨೦ ಮೀಟರಿನಲ್ಲಿ. ಅಂದರೆ ಸುಮಾರು ಹದಿಮೂರು ಕಿಲೋಮೀಟರಿನ ನಡಿಗೆಯಲ್ಲಿ ಒಂದೂವರೆ ಸಾವಿರ ಮೀಟರಿಗಿಂತಲೂ ಮೇಲೆ ಏರಬೇಕು. ಅಷ್ಟನ್ನೇ ಇಳಿಯಲೂ ಬೇಕು. ಕುಕ್ಕೆಯೆಂದರೆ ಕನ್ನಡದಲ್ಲಿ ಬುಟ್ಟಿ. ಹೊರೆಯ ಪರೀಕ್ಷೆಯನ್ನು ಬುಟ್ಟಿಯ ಹೆಸರಿನ ಊರಿನಿಂದಲೇ ಆರಂಭಿಸಿದುದು ತಕ್ಕುದಾಯಿತು. ೨೦೨೪ರ ಜನವರಿಯ ಕೊನೆಯ ರಜಾದಿನಗಳಲ್ಲಿ ಸಾವಿರಾರು ಮಂದಿ ಒಮ್ಮೆಗೇ ಏರಲು ಬಂದು ದಾರಿಯೇ ಕಟ್ಟಿಹೋದ ಬಳಿಕ ಅರಣ್ಯ ಇಲಾಖೆಯವರು ಮುಂಗಡವಾಗಿ ಹೆಸರು ನೋಂದಾಯಿಸುವ ಕಟ್ಟಳೆಯನ್ನು ತಂದರು. ಹೋಗುವವರು ಅದನ್ನು ಮೊದಲೇ ವಿಚಾರಿಸಿಕೊಳ್ಳತಕ್ಕದ್ದು. ಶಿಖರದಲ್ಲಿ ರಾತ್ರಿ ತಂಗುವುದಕ್ಕೆ ಅಪ್ಪಣೆಯಿಲ್ಲ. ನಾವು ರಾತ್ರಿಯ ಸಾಮಾನನ್ನು ಹೊತ್ತುದು ತೂಕದ ಪರೀಕ್ಷೆಗಾಗಿಯೇ ಹೊರತು ತಂಗುವುದಕ್ಕಾಗಿ ಅಲ್ಲ. ಒಂದೇ ದಿನದಲ್ಲಿ ಏರಿ ಇಳಿದೆವು.

ನಮ್ಮ ಜೊತೆಗೆ ತಂಗಿಯ ಮಗನಿದ್ದನು. ಅಷ್ಟೇ ಸಾಮಾನನ್ನು ಹಳೆಯ ಚೀಲದಲ್ಲಿ ಅವನು ಹೊತ್ತನು. ನಡುನಡುವೆ ಚೀಲಗಳನ್ನು ಅದಲುಬದಲು ಮಾಡಿಕೊಂಡೆವು. ಗಿರಿಗದ್ದೆಯವರೆಗಿನ ಮೊದಲ ಆರು ಕಿಲೋಮೀಟರು ದಟ್ಟವಾದ ಕಾಡು. ಬೇರುಗಳೇ ಮೆಟ್ಟಿಲುಗಳಾಗಿರುವ ಏರು. ಬೆವರು ಧಾರೆಯಾಗಿ ಇಳಿಯುವುದು. ಹಗುರ ಚೀಲದ ದೊಡ್ಡ ಕೊರತೆಯು ಇಲ್ಲಿ ಕಂಡಿತು. ಬೆನ್ನಿಗೂ ಬಟ್ಟೆಗೂ ನಡುವೆ ಗಾಳಿಯಾಡುವ ಎಡೆಯೇ ಇಲ್ಲದಿರುವುದರಿಂದ ಭೀಮನ ಬಂಡೆಯನ್ನು ಮುಟ್ಟುವಷ್ಟರಲ್ಲಿ ಅಂಗಿಯು ಹಿಂಡಿದರೆ ನೀರು ಬರುವಷ್ಟು ಒದ್ದೆಯಾಗಿತ್ತು. ಆದರೆ ಕಡಿದಾದ ತಿರುವುಗಳಲ್ಲಿ ಅದು ಮೈಗೆ ಅಂಟಿಕೊಂಡು ನಿಂತಿತು. ಹಳೆಯ ಚೀಲವಾದರೋ ಹಿಂದಕ್ಕೆಳೆಯುತ್ತ, ತಗ್ಗಿದ ಕೊಂಬೆಗಳಿಗೆ ತಾಗುತ್ತ, ಹೊತ್ತವನ ತೂಕವನ್ನು ತಪ್ಪಿಸುತ್ತಿತ್ತು. ಭಾರವು ಬೆನ್ನೆಲುಬಿಗೆ ಎಷ್ಟು ಸಮೀಪವಿರುವುದೋ ಅಷ್ಟು ಕಡಿಮೆ ಎಳೆತ. ಆದುದರಿಂದಲೇ ನೀರಿನಂತಹ ತೂಕದ ವಸ್ತುವನ್ನು ಬೆನ್ನಿಗೆ ಒತ್ತಿ, ನಡುಮಟ್ಟದಲ್ಲಿಡಬೇಕು.

ಗಿರಿಗದ್ದೆಯ ಭಟ್ಟರ ಮನೆಯ ಹೆಸರನ್ನು ಕೇಳದ ಚಾರಣಿಗರಿಲ್ಲ. ಅಂಗಡಿಯಿಲ್ಲದ ಕಾಡಿನ ನಡುವೆ ದಣಿದು ಬಂದವರಿಗೆ ದಶಕಗಳ ಕಾಲ ಬಿಸಿ ಅನ್ನವನ್ನು ಬಡಿಸಿದ ಮನೆತನವದು. ಹಗುರ ಹೊರೆಯ ವಿಷಯವನ್ನು ಬರೆಯುವವರು ಇದನ್ನು ಮರೆಯಬಾರದು. ದಾರಿಯಲ್ಲಿ ಅನ್ನವಿಕ್ಕುವ ಮನೆಯಿದ್ದರೆ ಯಾತ್ರಿಕನ ಚೀಲವು ತಾನಾಗಿ ಹಗುರವಾಗುವುದು. ನಮ್ಮ ಹಿರಿಯರ ಯಾತ್ರೆಗಳು ನಡೆದುದು ಛತ್ರಗಳ, ಅರವಟ್ಟಿಗೆಗಳ ಬಲದಿಂದಲೇ ಅಲ್ಲವೆ?

ಅಲ್ಲಿಂದ ಮೇಲಕ್ಕೆ ಕಾಡು ಹಿಂದಾಗಿ ಹುಲ್ಲುಗಾವಲು ಬರುವುದು. ನೆರಳೆಂಬುದಿಲ್ಲ. ಕಲ್ಲುಮಂಟಪವನ್ನು ದಾಟಿ, ಶೇಷಪರ್ವತವನ್ನು ಏರಿ, ಒಮ್ಮೆ ಇಳಿದು, ಮತ್ತೆ ಕಾಡಿನ ತುಂಡೊಂದನ್ನು ಹಾದು, ಬಂಡೆಯನ್ನು ಹತ್ತಿದರೆ ಶಿಖರ. ಕಲ್ಲುಮಂಟಪದ ಸಮೀಪದ ನೀರು ಬೇಸಿಗೆ ಬಂದಂತೆ ಬತ್ತುವುದರಿಂದ ಅದನ್ನು ನಂಬಿ ಹೋಗಬಾರದು. ಇಲ್ಲಿಯೇ ಹಗುರತನದ ಮೋಹವು ಅಪಾಯಕ್ಕೆ ಎಳೆಯುವುದು. ಹೊಸ ಚೀಲಗಳನ್ನು ಹಾಕಿಕೊಂಡ ಯುವಕರ ಗುಂಪೊಂದು ಮಂಟಪದ ನೆರಳಿನಲ್ಲಿ ಕುಳಿತಿದ್ದಿತು. ತಲೆಗೆ ಅರ್ಧ ಲೀಟರಿನ ಒಂದೊಂದು ಸೀಸೆಯನ್ನು ಮಾತ್ರ ತಂದಿದ್ದರು, ಅದೂ ಬರಿದಾಗಿತ್ತು. ಒಬ್ಬ ಹುಡುಗನ ಕಾಲಿನ ಸ್ನಾಯುಗಳು ಸೆಟೆದು, ತಲೆ ತಿರುಗಿ, ಎದ್ದು ನಿಲ್ಲಲಾರದೆ ಹೋಗಿದ್ದನು. ನಮ್ಮಲ್ಲಿದ್ದ ನೀರಿಗೆ ಬೆಲ್ಲವನ್ನೂ ಚಿಟಿಕೆ ಉಪ್ಪನ್ನೂ ಹಾಕಿ ಗುಟುಕು ಗುಟುಕಾಗಿ ಕುಡಿಸಿದೆವು. ಮುಕ್ಕಾಲು ಗಂಟೆಯ ತರುವಾಯ ಅವನು ಎದ್ದು, ಗೆಳೆಯರ ಹೆಗಲನ್ನು ಹಿಡಿದು ಕೆಳಕ್ಕೆ ಹೊರಟನು. ನಮ್ಮ ಅಳಿಯನು ಆಗ, “ಮಾವ, ಚೀಲ ಹಗುರ ಮಾಡುವುದೆಂದರೆ ಎಂತ ಬಿಡಬಾರದು ಎಂದು ಮೊದಲು ಬರೆದುಕೊಳ್ಳಬೇಕು” ಎಂದನು. ಮಾತು ಸರಿಯಾದುದು. ನೀರು, ಬೆಳಕು, ಮಳೆಯಂಗಿ, ಔಷಧಿ, ಒಂದು ಹೊತ್ತಿನ ಹೆಚ್ಚಿನ ಆಹಾರ, ಈ ಐದನ್ನು ತಕ್ಕಡಿಗೆ ಹಾಕಬಾರದು.

ಮನೆಗೆ ಬಂದು ಕಾಗದದ ಮೇಲೆ ಲೆಕ್ಕ ಹಾಕಿದಾಗ ಇನ್ನೊಂದು ಸಂಗತಿಯು ತಿಳಿಯಿತು. ೧ ಕಿಲೋ ೬೪೦ ಗ್ರಾಮಿನ ಭಾರವನ್ನು ಕುಕ್ಕೆಯಿಂದ ಶಿಖರದವರೆಗೆ ಎತ್ತುವ ಕೆಲಸಕ್ಕೆ ದೇಹವು ಖರ್ಚುಮಾಡುವ ಶಕ್ತಿಯು, ಸ್ನಾಯುಗಳಲ್ಲಿ ಪೋಲಾಗುವುದನ್ನೂ ಸೇರಿಸಿ, ೨೫ರಿಂದ ೩೦ ಕ್ಯಾಲೊರಿ ಮಾತ್ರ. ಅಂದರೆ ಬಾಳೆಹಣ್ಣಿನ ಕಾಲುಭಾಗ! ಐದು ಸಾವಿರ ರೂಪಾಯಿಯ ಉಳಿತಾಯವು ಕಾಲು ಬಾಳೆಹಣ್ಣಿಗೆ ಸಮವಾಯಿತಲ್ಲ ಎಂದು ಹಾಸ್ಯ ಮಾಡಬಹುದು. ಆದರೆ ಲೆಕ್ಕವು ಅಲ್ಲಿಗೆ ಮುಗಿಯದು. ಹೋಗಿ ಬರುವ ದಾರಿಯಲ್ಲಿ ೪೦ ಸಾವಿರಕ್ಕೂ ಮಿಗಿಲಾಗಿ ಹೆಜ್ಜೆಗಳನ್ನಿಡಬೇಕು. ಇಳಿಯುವಾಗಿನ ಒಂದೊಂದು ಹೆಜ್ಜೆಯಲ್ಲಿಯೂ ಹೊತ್ತ ಭಾರವು ಮೊಣಕಾಲಿಗೆ ಬಂದು ಬಡಿಯುವುದು. ಉಸಿರಿಗೆ ಆಗುವ ಲಾಭವು ಅಲ್ಪ. ಹೆಗಲಿಗೂ ಮೊಣಕಾಲಿಗೂ ಆಗುವ ಲಾಭವು ಸ್ಪಷ್ಟ. ಸಂಜೆ ಕುಮಾರಧಾರೆಯಲ್ಲಿ ಕಾಲಿಟ್ಟು ಕುಳಿತಾಗ ಇಬ್ಬರೂ ಒಂದೇ ಸಮನೆ ದಣಿದಿದ್ದೆವು. ಆದರೆ ಇಳಿಯುವ ದಾರಿಯಲ್ಲಿ ಹಳೆಯ ಚೀಲವನ್ನೇ ಹೆಚ್ಚು ಹೊತ್ತು ಹೊತ್ತಿದ್ದ ಹುಡುಗನು ಮರುದಿನ ಮೆಟ್ಟಿಲಿಳಿಯುವಾಗ ಗೋಡೆಯನ್ನು ಹಿಡಿದನು. ಅವನ ಎರಡರಷ್ಟು ವಯಸ್ಸಿನ ನಾವು ಹಿಡಿಯಲಿಲ್ಲ.

ಪ್ರಯಾಣದ ಪರೀಕ್ಷೆಯನ್ನು ಸಂಕ್ಷೇಪವಾಗಿ ಹೇಳುವೆವು. ಸುಳ್ಯದಿಂದ ಪುತ್ತೂರಿಗೆ ಕಿಕ್ಕಿರಿದ ಬಸ್ಸಿನಲ್ಲಿಯೂ, ಸುಬ್ರಹ್ಮಣ್ಯ ರೋಡ್ ನಿಲ್ದಾಣದಿಂದ ರೈಲಿನಲ್ಲಿಯೂ ಚೀಲವನ್ನು ಒಯ್ದೆವು. ಎದೆಗೆ ತಿರುಗಿಸಿಕೊಂಡು ನಿಂತರೆ ನೆರೆಯವರಿಗೆ ತೊಂದರೆಯಿಲ್ಲ; ಬರಿದಾದಾಗ ಮಡಿಸಿ ಇನ್ನೊಂದು ಚೀಲದಲ್ಲಿಡಬಹುದು. ಆದರೆ ಒಂದೇ ಬಾಯಿರುವುದರಿಂದ ತಳದಲ್ಲಿರುವ ಔಷಧಿಯ ಪೊಟ್ಟಣಕ್ಕಾಗಿ ಎಲ್ಲವನ್ನೂ ಹೊರಗೆ ಸುರಿಯಬೇಕು. ಬೀಗ ಹಾಕುವ ಅನುಕೂಲವಿಲ್ಲ; ಹಣವನ್ನೂ ಕಾಗದಪತ್ರಗಳನ್ನೂ ಅದರಲ್ಲಿಡಬಾರದು. ಗಡುಸಾದ ನೆಲದ ಮೇಲೆ ಎಳೆದಾಡಬಾರದು. ಕಾಡಿನಲ್ಲಿ ಬಿದಿರಿನ ಮುಳ್ಳೊಂದು ಮಗ್ಗುಲಿನ ಬಲೆಜೇಬನ್ನು ಬೆರಳುದ್ದ ಹರಿಯಿತು. ಮೈಯ ಬಟ್ಟೆಗೆ ಗೀರು ಬಿದ್ದರೂ ಹರಿಯಲಿಲ್ಲ. ಪುತ್ತೂರಿನ ದರ್ಜಿಯೊಬ್ಬರು ಸಣ್ಣ ಸೂಜಿ, ಪಾಲಿಯೆಸ್ಟರ್ ದಾರ ಹಾಕಿ ಆ ಜೇಬನ್ನು ಹತ್ತು ನಿಮಿಷದಲ್ಲಿ ಸರಿಮಾಡಿದರು. ಇಂತಹ ಬಟ್ಟೆಗೆ ದಪ್ಪಸೂಜಿಯೂ ಹತ್ತಿಯ ದಾರವೂ ಸಲ್ಲವೆಂಬುದು ಅವರ ಉಪದೇಶ. ಇಸ್ತ್ರಿಪೆಟ್ಟಿಗೆಯನ್ನು ತಾಗಿಸಲೇಬಾರದು, ಒಗೆಯುವುದಿದ್ದರೆ ತಣ್ಣೀರಿನಲ್ಲಿ, ಕಲ್ಲಿಗೆ ಬಡಿಯದೆ.

ಇನ್ನು ಪತ್ರ ಬರೆದ ಸೋದರಿಯ ಪ್ರಶ್ನೆಗೆ ಉತ್ತರ. ಸೊಂಟದ ನೋವಿರುವವರು ಮೊದಲು ವೈದ್ಯರನ್ನು ಕೇಳಬೇಕು. ಯಾವ ಚೀಲವೂ ವೈದ್ಯನಲ್ಲ. ಅವರು ಒಪ್ಪಿದರೆ, ಚೀಲವನ್ನು ಕೊಳ್ಳುವುದಕ್ಕೆ ಮುನ್ನ ಮನೆಯಲ್ಲಿರುವ ಯಾವುದಾದರೂ ಸಣ್ಣ ಚೀಲದಲ್ಲಿ ಮೂರು ಕಿಲೋ ಇಟ್ಟುಕೊಂಡು ಎರಡು ತಿಂಗಳು ಹತ್ತಿರದ ಗುಡ್ಡಗಳನ್ನು ಏರಿ ಇಳಿದು ನೋಡಲಿ. ಹಗಲಿನ ಒಂದೇ ಚಾರಣಕ್ಕೆ ಮೂರು ಲೀಟರು ನೀರು, ಬುತ್ತಿ, ಮಳೆಯಂಗಿ ಎಲ್ಲ ಸೇರಿ ಐದು ಕಿಲೋ ಮೀರುವುದಿಲ್ಲ. ಅದರಲ್ಲಿ ಅರ್ಧವನ್ನು ಕರೆಯುತ್ತಿರುವ ಮಗಳು ಹೊರಬಹುದು; ಹೊರಬೇಕು. ಮೊದಲ ಸಲ ಗಿರಿಗದ್ದೆಯವರೆಗೆ ಹೋಗಿ ಹಿಂದಿರುಗಲಿ. ಆ ಹಂತವನ್ನು ದಾಟಿ, ಮುಂದೆಯೂ ಹೋಗುವ ಮನಸ್ಸಿದ್ದರೆ ಆಗ ಹಗುರ ಚೀಲಕ್ಕೆ ಹಣ ಹಾಕುವುದು ವ್ಯರ್ಥವಾಗದು. ಚೀಲವು ಬೆಟ್ಟ ಹತ್ತಿಸುವುದಿಲ್ಲ. ಹತ್ತಲು ಸಿದ್ಧವಾದ ದೇಹಕ್ಕೆ ಸ್ವಲ್ಪ ನೆರವಾಗುವುದು.

ಬೆಟ್ಟ ಹತ್ತದ ಮನೆಗಳಿಗೂ ಈ ಪರೀಕ್ಷೆಯಿಂದ ಒಂದು ಪ್ರಯೋಜನವುಂಟು. ಮಕ್ಕಳ ಶಾಲೆಯ ಚೀಲವನ್ನು ಒಮ್ಮೆ ತೂಗಿ ನೋಡಿರಿ. ಕರ್ನಾಟಕ ಸರಕಾರವು ೨೦೧೯ರಲ್ಲಿ ಹೊರಡಿಸಿದ ಆಜ್ಞೆಯಂತೆ ೧, ೨ನೆಯ ತರಗತಿಯ ಮಗುವಿನ ಹೊರೆಯು ಒಂದೂವರೆಯಿಂದ ಎರಡು ಕಿಲೋ. ೩ರಿಂದ ೫ಕ್ಕೆ ಎರಡರಿಂದ ಮೂರು. ೬ರಿಂದ ೮ಕ್ಕೆ ಮೂರರಿಂದ ನಾಲ್ಕು. ೯, ೧೦ಕ್ಕೆ ನಾಲ್ಕರಿಂದ ಐದು ಕಿಲೋ. ೨೦೨೦ರ ಕೇಂದ್ರ ಸರಕಾರದ ನೀತಿಯೂ ಮಗುವಿನ ತೂಕದ ಹತ್ತನೆಯ ಒಂದು ಪಾಲನ್ನು ಚೀಲವು ಮೀರಬಾರದೆಂದು ಹೇಳುವುದು. ನಮ್ಮ ನೆರೆಮನೆಯ ಎರಡನೆಯ ತರಗತಿಯ ಹುಡುಗಿಯ ಚೀಲವನ್ನು ತೂಗಿದೆವು. ಪುಸ್ತಕವಿಲ್ಲದೆ, ಬೊಂಬೆಯ ಚಿತ್ರವಿರುವ ಬರಿಯ ಚೀಲವೇ ೯೦೦ ಗ್ರಾಂ. ಸ್ಟೀಲಿನ ನೀರಿನ ಸೀಸೆ ತುಂಬಿದಾಗ ೮೫೦. ಒಂದು ಪುಸ್ತಕವನ್ನು ಇಡುವ ಮೊದಲೇ ಅವಳ ಪಾಲಿನ ಎರಡು ಕಿಲೋ ಹೆಚ್ಚುಕಡಿಮೆ ಮುಗಿದಿತ್ತು. ಬೆಟ್ಟಕ್ಕೆ ವರ್ಷಕ್ಕೊಮ್ಮೆ ಹೋಗುವ ದೊಡ್ಡವರಿಗೆ ಗ್ರಾಂ ಗ್ರಾಮಿನ ಲೆಕ್ಕವಿದೆ. ದಿನವೂ ಗುಡ್ಡ ಹತ್ತಿ ಇಳಿದು ಶಾಲೆಗೆ ಹೋಗುವ ಕೂಸಿಗೆ ಇಲ್ಲವಾದರೆ ಅದು ನ್ಯಾಯವೆ? ೪೦೦ ಗ್ರಾಮಿನೊಳಗಿನ ಸಾದಾ ಚೀಲಗಳು ಸಿಗುತ್ತವೆ. ಹೊಲಿಗೆ ಬಲ್ಲವರು ಗಟ್ಟಿಬಟ್ಟೆಯಿಂದ ಮನೆಯಲ್ಲಿಯೇ ಹೊಲಿಯಬಹುದು. ಪಟ್ಟಿಯು ಎರಡು ಬೆರಳಿಗಿಂತ ಅಗಲವಾಗಿರಲಿ, ಚೀಲವು ಸೊಂಟದಿಂದ ಕೆಳಗೆ ಜೋಲದಿರಲಿ, ಎರಡು ಹೆಗಲಿಗೂ ಹಾಕುವ ಅಭ್ಯಾಸವಾಗಲಿ.

ಗುಡ್ಡದಿಂದ ಸೊಪ್ಪಿನ ಹೊರೆಯನ್ನು ತಲೆಯ ಮೇಲೆ ತರುವ ಹೆಂಗಸಿನ ಭಾರವನ್ನು ತೂಗಿ ನೋಡಿದವರಂತೂ ಇಲ್ಲವೇ ಇಲ್ಲ. ನಾವು ತೂಗಿಸಿದ ಒಂದು ಹಸಿಸೊಪ್ಪಿನ ಕಟ್ಟು ೨೬ ಕಿಲೋ ಇದ್ದಿತು. ಅದಕ್ಕೆ ಸೊಂಟಪಟ್ಟಿಯಿಲ್ಲ, ಬಲೆಜೇಬಿಲ್ಲ. ಅದನ್ನು ಎರಡು ಕಟ್ಟುಗಳಾಗಿ ಮಾಡಿ, ಇಳಿಜಾರಿನಲ್ಲಿ ಒಂದು ಕೈಗಾಡಿಯ ದಾರಿಯನ್ನು ಕಡಿಯಿಸಿದರೆ ತಗಲುವ ಖರ್ಚು ಒಂದು ಒಳ್ಳೆಯ ಬೆನ್ನುಚೀಲದ ಬೆಲೆಗಿಂತ ಬಹಳ ಹೆಚ್ಚಾಗದು. ಮನೆಯಲ್ಲಿ ಯಾರು ಎಷ್ಟು ಹೊರುತ್ತಾರೆ ಎಂಬುದನ್ನು ಒಂದು ದಿನ ತಕ್ಕಡಿ ಹಿಡಿದು ನೋಡಿ, ಅತಿಯಾದ ಹೊರೆಯನ್ನು ಮೊದಲು ಇಳಿಸಿರಿ; ಹೊಸ ಚೀಲದ ಮಾತು ಆಮೇಲೆ ಬರಲಿ. ಅಟ್ಟದಲ್ಲಿ ಬೂಸಲು ಹಿಡಿದ ಚೀಲ, ಕೊಡೆ, ಮಳೆಯಂಗಿಗಳನ್ನು ಸರಿಪಡಿಸುವ ಬಗೆಯನ್ನು ಮುಂದಿನ ತಿಂಗಳು ಬರೆಯುವೆವು.